ವಿಂಚಿಗೆ ಉಡಿಸಿದ ಸೀರೆ

ಅಯ್ಯಪ್ಪ ಮಾಮನ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ದೇವಿ ತೆಗೆದುಕೊಂಡಳು ಎಂದು ಗಣಿಯಲ್ಲಿ ಹೇಳಿದರು. ದೇವಿ ಅಲ್ಲ. ವಿಂಚು. ಅದನ್ನು ನಡೆಸುತ್ತಿದ್ದವನು ನಾನು. ಹತ್ತಿರದಲ್ಲೇ ಕೂತು ನೋಡಿದ್ದೇನೆ.

ದೇವದುರ್ಗದಿಂದ ಆಚೆ ಗುಡ್ಡದ ಮಗ್ಗುಲಲ್ಲಿ ಹಳೆಯ ಚಿನ್ನದ ಗಣಿ ಇದೆ. ಬಹಳ ಕಾಲ ಮುಚ್ಚಿತ್ತು. ಒಂದು ಕಂಪನಿ ಬಂದು ಮತ್ತೆ ತೆರೆಯಿತು. ನೆಲದೊಳಗೆ ಇಳಿಜಾರಾಗಿ ಸುರಂಗ ಹೋಗುತ್ತದೆ. ಸುರಂಗದಲ್ಲಿ ಹಳಿ, ಹಳಿಯ ಮೇಲೆ ಅದಿರಿನ ಟಬ್ಬು. ಸುರಂಗದ ಬಾಯಿಯಲ್ಲಿ ತಗಡಿನ ಶೆಡ್ಡು, ಶೆಡ್ಡಿನೊಳಗೆ ವಿಂಚು. ಒಂದು ಮೋಟರು, ಎತ್ತಿನ ಹೊಟ್ಟೆಯಷ್ಟು ದಪ್ಪದ ಕಬ್ಬಿಣದ ಡ್ರಮ್ಮು, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಮೋಟರು ತಿರುಗಿದರೆ ಹಗ್ಗ ಸುತ್ತಿಕೊಂಡು ಟಬ್ಬು ಮೇಲೆ ಬರುತ್ತದೆ. ಮೋಟರು ನಿಂತರೆ ಟಬ್ಬಿನ ಭಾರವನ್ನೆಲ್ಲ ಬ್ರೇಕು ಹಿಡಿದುಕೊಳ್ಳಬೇಕು. ಇಷ್ಟೇ ಯಂತ್ರ. ಇದರಲ್ಲಿ ಗುಟ್ಟೇನೂ ಇಲ್ಲ.

ಡ್ರಮ್ಮಿನ ಮುಂದೆ ಒಂದು ಕಬ್ಬಿಣದ ಜಾಲರಿ ಇರಬೇಕು. ಒಳಗೆ ಕೈ ಹೋಗಬಾರದು, ಬಟ್ಟೆ ಹೋಗಬಾರದು. ಹಗ್ಗ ಹರಿದರೆ ಅದರ ತುದಿ ಚಾಟಿಯ ಹಾಗೆ ಹಾರಿ ಬಂದು ಮುಖ ಸೀಳಬಾರದು. ಅದಕ್ಕೆ ಜಾಲರಿ. ಹೊಸದರಲ್ಲಿ ಇತ್ತು. ತಿರುಪತಿ ಮೇಸ್ತ್ರಿ ಬಿಚ್ಚಿಸಿದ.

"ಜಾಲರಿ ಹಾಕ್ಕೊಂಡು ಕುಂತ್ರ ಹಗ್ಗ ಹೆಂಗ ಸುತ್ತಾಕತ್ತದ ಅಂತ ಯಾವನಿಗೆ ಕಾಣ್ತದಲೇ? ತಾಸಿಗೊಮ್ಮೆ ಬಿಚ್ಚೋದು, ತಾಸಿಗೊಮ್ಮೆ ಹಾಕೋದು. ಇದನ್ನ ಮಾಡ್ಕೊಂಡು ಕುಂದ್ರೋಣೇನು?" ಎಂದ.

ಬಿಚ್ಚಿದ ಜಾಲರಿಯನ್ನು ಶೆಡ್ಡಿನ ಹಿಂದೆ ನೆಲಕ್ಕೆ ಹಾಸಿದರು. ಮೇಸ್ತ್ರಿ ಅದರ ಮೇಲೆ ನಿಲ್ಲಿಸಿ ತನ್ನ ಬೈಕು ತೊಳೆಯುತ್ತಿದ್ದ. ಕೆಸರು ಆಗುತ್ತಿರಲಿಲ್ಲ.

ಜಾಲರಿಯ ಬೋಲ್ಟುಗಳು ಮಾತ್ರ ವಿಂಚಿನ ಮೇಲೆ ಖಾಲಿ ಉಳಿದವು. ಅವುಗಳಿಗೆ ಸೀರೆ ಬಂತು. ಅಮಾವಾಸ್ಯೆಗೊಮ್ಮೆ ವಿಂಚಿಗೆ ಪೂಜೆ. ನೀರಮಾನ್ವಿ ಯಲ್ಲಮ್ಮನ ಗುಡಿಯಿಂದ ಮೇಸ್ತ್ರಿ ಹಸಿರು ಸೀರೆ ತರುತ್ತಿದ್ದ. ಪೂಜಾರಿ ಕಬ್ಬಿಣಕ್ಕೆ ಸಿಂಧೂರ ಬಳಿದು, ಬೋಲ್ಟಿನಿಂದ ಬೋಲ್ಟಿಗೆ ಸೀರೆ ಕಟ್ಟಿ, ಬಳೆ ತೂಗುಬಿಡುತ್ತಿದ್ದ. ಜಾಲರಿ ಇರಬೇಕಾದ ಜಾಗದಲ್ಲಿ ದೇವಿ ನಿಂತಳು. ಒಮ್ಮೆ ಸುರಕ್ಷತೆ ನೋಡುವವರು ಹೊರಗಿನಿಂದ ಬಂದರು. ಶೆಡ್ಡಿನ ಬಾಗಿಲಲ್ಲಿ ಬೂಟು ಕಳಚಿದರು. ಕೈ ಮುಗಿದರು. ಕುಂಕುಮ ಹಚ್ಚಿಕೊಂಡು ಹೋದರು. ದೇವಿಯ ಸೀರೆ ಸರಿಸಿ ಯಾರು ನೋಡುತ್ತಾರೆ?

ಪೂಜೆಯ ಹೊತ್ತಿಗೆ ನಾವು ಹೊರಗೆ. ನಾವು ಅಂದರೆ ಮಾದಿಗರ ಕೇರಿಯವರು. ತೀರ್ಥ ಮೇಲಿನಿಂದ ಅಂಗೈಗೆ ಬೀಳುತ್ತಿತ್ತು. ಪೂಜೆ ಮುಗಿದ ಮೇಲೆ ಅದೇ ದೇವಿಯ ಹೊಟ್ಟೆಯೊಳಗೆ ತೋಳು ಹಾಕಿ ಗ್ರೀಸು ಸವರುವವರು ನಾವು. ಆಗ ಯಾರಿಗೂ ಮೈಲಿಗೆ ಇರಲಿಲ್ಲ.

ಅಯ್ಯಪ್ಪ ಮಾಮನದು ಅದೇ ಕೆಲಸ. ಗ್ರೀಸು ಸವರಬೇಕು. ಹಗ್ಗ ಸುತ್ತುವಾಗ ಒಂದರ ಮೇಲೊಂದು ಏರದಂತೆ ಪಕ್ಕದಲ್ಲಿ ನಿಂತು ಕಟ್ಟಿಗೆಯಿಂದ ಒತ್ತಬೇಕು. ಕಟ್ಟಿಗೆ ಸಾಲದಿದ್ದರೆ ಬೂಟುಗಾಲಿನಿಂದ ಒದೆಯಬೇಕು. ಹಗ್ಗದಲ್ಲಿ ಮುರಿದ ಎಳೆಗಳು ಜಾಲಿ ಮುಳ್ಳಿನ ಹಾಗೆ ಎದ್ದಿರುತ್ತಿದ್ದವು. ಮಾಮನ ಅಂಗೈ ನೋಡಿದರೆ ಸಾಕು, ಹಗ್ಗ ಎಷ್ಟು ಹಾಳಾಗಿದೆ ಎಂದು ತಿಳಿಯುತ್ತಿತ್ತು.

ನಾನು ಅಮರೇಶ. ರಾಯಚೂರಿನಲ್ಲಿ ಬಿ.ಎಸ್ಸಿ. ಓದಿದೆ. ಬೇರೆ ಕೆಲಸ ಸಿಗಲಿಲ್ಲ. ಗುತ್ತಿಗೆಯಲ್ಲಿ ಈ ವಿಂಚಿನ ಬ್ರೇಕಿನ ಸನ್ನೆಕೋಲು ಹಿಡಿದೆ. ಕೇರಿಯಲ್ಲಿ ನಮ್ಮ ಮನೆ, ಮಾಮನ ಮನೆ ಒಂದೇ ಗೋಡೆಗೆ ಇವೆ.

ಶೆಡ್ಡಿನಲ್ಲಿ ಒಂದು ಗಂಟೆ ಇದೆ. ಅದರ ತಂತಿ ಸುರಂಗದ ಉದ್ದಕ್ಕೂ ತಳದವರೆಗೆ ಹೋಗುತ್ತದೆ. ನಡುನಡುವೆ ಆಳುಗಳು ನಿಲ್ಲುವ ಅಂತಸ್ತುಗಳಲ್ಲೂ ಗಂಟೆಗಳಿವೆ. ಒಂದು ಸಲ ಹೊಡೆದರೆ ನಿಲ್ಲಿಸು ಎಂದು. ಯಾರು ಬೇಕಾದರೂ ಹೊಡೆಯಬಹುದು, ಕೇಳಿದವರು ತಿರುಗಿ ಹೊಡೆಯಬೇಕು. ಗಣಿಯ ನಿಯಮ ಅದು. ಮೇಸ್ತ್ರಿಯ ನಿಯಮ ಬೇರೆ. ಒಂದು ಗಂಟೆ ಬಿದ್ದರೆ ಸುರಂಗದ ಬಾಯಿಗೆ ಬಂದು ಕೂಗುತ್ತಿದ್ದ: "ಯಾವನಲೇ ಅಂವಾ, ಹೊಡದಂವಾ?" ಹೆಸರು ಹೇಳಿದವನಿಗೆ ಮರುದಿನ ಕೆಲಸವಿಲ್ಲ. ಹಾಗಾಗಿ ಟಬ್ಬು ಹಳಿ ತಪ್ಪಿದರೂ ಆಳುಗಳು ಬಂಡೆಗೆ ಬೆನ್ನು ಹಚ್ಚಿ ನಿಂತು ಸುಮ್ಮನಿರುತ್ತಿದ್ದರು.

ಆ ದಿನ ತುಂಬಿದ ಟಬ್ಬು ಮೇಲೆ ಬರುತ್ತಿತ್ತು. ಮಾಮ ಹಗ್ಗ ಒತ್ತುತ್ತಿದ್ದ. ಸೀರೆಯ ಸೆರಗು ಗಾಳಿಗೆ ಹಾರಿ ಡ್ರಮ್ಮಿಗೆ ಸಿಕ್ಕಿತು. ಹಗ್ಗದ ಕೆಳಗೆ ಹೋಗತೊಡಗಿತು.

"ಅಮರ್ಯಾ, ನಿಲ್ಲಸು. ಅವ್ವನ ಸೀರಿ."

ನಾನು ಮೋಟರು ಆರಿಸಿ ಬ್ರೇಕು ಎಳೆದೆ. ಡ್ರಮ್ಮು ನಿಂತಿತು. ಮಾಮ ಬಗ್ಗಿದ. ದೇವಿಯ ಸೀರೆ ಹರಿಯಬಾರದು. ಅದು ಅವನಿಗೆ ಹುಟ್ಟಿನಿಂದ ಗೊತ್ತು. ಎಳೆಯಲಿಲ್ಲ. ಮಗುವಿನ ಕೂದಲು ಬಿಡಿಸಿದ ಹಾಗೆ ಬೆರಳಿನಿಂದ ಮೆಲ್ಲಗೆ ಬಿಡಿಸತೊಡಗಿದ. ಸೀರೆ ಅವನ ಮಣಿಕಟ್ಟಿಗೆ ಸುತ್ತಿಕೊಂಡಿತ್ತು.

ಬ್ರೇಕು ಜಾರಿತು.

ಸನ್ನೆಕೋಲು ನನ್ನ ಕೈಯಲ್ಲೇ ಇತ್ತು. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದೆ. ಸುಟ್ಟ ವಾಸನೆ ಬಂತು. ಟಬ್ಬು ಕೆಳಗೆ ಓಡಿತು. ಡ್ರಮ್ಮು ಹಿಂದಕ್ಕೆ ತಿರುಗಿತು. ಸೀರೆ ಮಾಮನ ಕೈಯನ್ನು ಡ್ರಮ್ಮಿಗೂ ಚೌಕಟ್ಟಿಗೂ ನಡುವೆ ಎಳೆದುಕೊಂಡು ಹೋಯಿತು. ಮಾಮ ಕೂಗಲಿಲ್ಲ. ಕೆಮ್ಮಿದ ಹಾಗೆ ಒಂದು ಸದ್ದು ಮಾಡಿದ. ಕೆಳಗೆ ಟಬ್ಬು ಹಳಿ ತಪ್ಪಿ ಬಂಡೆಗೆ ಬಡಿದು ನಿಂತಿತು. ಅಲ್ಲಿದ್ದವರು ಗೋಡೆಯ ಗೂಡುಗಳಿಗೆ ಹಾರಿ ಉಳಿದರು.

ನಾವು ಹಾರೆ ಹಾಕಿ ಡ್ರಮ್ಮು ತಿರುಗಿಸಲು ನೋಡಿದೆವು. ಸೀರೆ ಬಿಗಿದುಕೊಂಡಿತ್ತು. ನಾನು ಚಾಕು ಕೇಳಿದೆ.

"ಸೀರಿ ಕೊಯ್ಯಬ್ಯಾಡ್ರಿ. ನಿಧಾನಕ್ಕ ಬಿಚ್ಚರಿ," ಎಂದ ಮೇಸ್ತ್ರಿ.

ಕೈ ಇನ್ನೂ ಒಳಗಿತ್ತು. ಅವನು ಸೀರೆಯ ಮಾತಾಡಿದ. ನಾನು ಕೊಯ್ದೆ.

ರಾಯಚೂರಿನ ದೊಡ್ಡ ದವಾಖಾನೆಯಲ್ಲಿ ಮಾಮನಿಗೆ ಎಚ್ಚರವಾದಾಗ ಅವನ ಹೆಂಡತಿ ಶೇಖಮ್ಮತ್ತೆ ಪಕ್ಕದಲ್ಲಿದ್ದಳು. ಪೋತ್ನಾಳದ ಕಡೆ ನಾಟಿಗೆ ಹೋಗಿದ್ದವಳು ಹಾಗೇ ಬಂದಿದ್ದಳು. ಕಾಲಿನ ಕೆಸರು ಒಣಗಿ ಬಿರಿದಿತ್ತು. ಮಾಮ ತನ್ನ ಕೈ ನೋಡಲಿಲ್ಲ. ನನ್ನನ್ನು ನೋಡಿ ಕೇಳಿದ:

"ಸೀರಿ ಹರೀತೇನಪಾ?"

ಶೇಖಮ್ಮತ್ತೆ ಎದ್ದು ಹೊರಗೆ ಹೋದಳು.

ಸಂಜೆ ಮೇಸ್ತ್ರಿ ಬಂದ. ಬ್ರೆಡ್ಡು, ಬಾಳೆಹಣ್ಣು ತಂದಿದ್ದ. ವರಾಂಡದಲ್ಲಿ ಅತ್ತೆಯನ್ನು ಕೂರಿಸಿಕೊಂಡು ಮಾತಾಡಿದ. ನಾನು ಗೋಡೆಗೆ ಒರಗಿ ನಿಂತಿದ್ದೆ.

"ಆಗಿದ್ದು ಆತವ್ವ ಶೇಖಮ್ಮ. ನಿನ್ನ ಗಂಡ ಮೈಲಿಗಿ ಕೈಲೆ ತಾಯಿ ಸೀರಿ ಮುಟ್ಟಿದ. ತಾಯಿ ಸಿಟ್ಟಿಗೆದ್ಳು. ನಾ ಅನ್ನಾಕತ್ತಿಲ್ಲ, ಮಂದಿ ಅನ್ನಾಕತ್ತಾರ."

"ಗ್ರೀಸ್ ಹಚ್ಚೋವಾಗ ತಾಯಿ ಎಲ್ಲಿಗಿ ಹೋಗಿದ್ಳು?" ಅತ್ತೆ ಕೇಳಿದಳು.

ಮೇಸ್ತ್ರಿ ಕೇಳಿಸದವನಂತೆ ಮುಂದುವರಿಸಿದ. "ಶುಕ್ರವಾರ ಶಾಂತಿ ಮಾಡ್ತೀವಿ. ಹೋತ ಕೊಡ್ತೀವಿ. ನೀ ಬಂದು ಉಡಿ ತುಂಬು. ಅಡ್ಡ ಬಿದ್ದು, ನನ್ನ ಗಂಡಂದು ತಪ್ಪಾತು, ಹೊಟ್ಟ್ಯಾಗ ಹಾಕ್ಕೊ ತಾಯಿ ಅಂತ ಅನ್ನು. ಅಷ್ಟ. ಹಾಜರಿ ಗಡಿಗೆಪ್ಪ ಫೋನಿನಾಗ ವಿಡಿಯೊ ಹಿಡಕೊಂತಾನ. ಆಮ್ಯಾಲ ಅಯ್ಯಪ್ಪಗ ಗೇಟಿನಾಗ ಕುಂದ್ರೋ ಕೆಲಸ. ಸಾಹೇಬ್ರು ಮಾತು ಕೊಟ್ಟಾರ."

"ದ್ಯಾವರಿಗಿ ಹೇಳೋ ಮಾತು ಫೋನಿನಾಗ ಯಾಕ?"

"ಭಕ್ತಿಗಿ."

"ಅನ್ನದಿದ್ರ?"

"ಅನ್ನದಿದ್ರ ಏನದ, ತಾನ ಕೈ ಹಾಕ್ಯಾನ ಅಂತ ಸಾಹೇಬ್ರು ಬರದ ಬಿಟ್ಟಾರ. ಮೂಢನಂಬಿಕಿ ಅಂತ ಬರದಾರ. ಗೇಟಿನ ಕೆಲಸಾನೂ ಇಲ್ಲ, ಏನೂ ಇಲ್ಲ."

ಅವನು ಹೋದ ಮೇಲೆ ನಾನು ಅದನ್ನೇ ಯೋಚಿಸಿದೆ. ದೇವಿಯ ಸೀರೆ ಎಂದು ಕೈ ಹಾಕಿದರೆ ಅಯ್ಯಪ್ಪನಿಗೆ ಮೂಢನಂಬಿಕೆ. ದೇವಿಗೆ ಹೋತ ಕೊಟ್ಟರೆ ಕಂಪನಿಗೆ ಶಾಂತಿ. ಒಂದೇ ದೇವಿ. ನಮ್ಮ ಪಾಲಿಗೆ ಬಂದಾಗ ಅವಳು ತಪ್ಪು. ಅವರ ಪಾಲಿಗೆ ಬಂದಾಗ ಅವಳು ಸಾಕ್ಷಿ. ಅತ್ತೆಯ ಬಾಯಿಂದ ಆ ಒಂದು ಮಾತು ಫೋನಿಗೆ ಬಿದ್ದರೆ ಮುಗಿಯಿತು. ಮುಂದೆ ಯಾವ ಕೋರ್ಟಿಗೆ ಹೋದರೂ ಹೆಂಡತಿಯೇ ಹೇಳಿದ್ದಾಳೆ ಎನ್ನುತ್ತಾರೆ. ವಿಂಚು ಅದೇ ಬ್ರೇಕಿನಲ್ಲಿ ಮತ್ತೆ ಓಡುತ್ತದೆ.

ಅತ್ತೆ ಬಾಳೆಹಣ್ಣನ್ನು ಬೆಂಚಿನ ಮೇಲೆ ದೂರ ಸರಿಸಿದಳು.

"ಅಮರೇಶ, ನನಗ ತಿಳಿಯಂಗ ಹೇಳು. ನೀ ಬ್ರೇಕ್ ಹಿಡಿದಿದ್ದಿ ಹೌದಿಲ್ಲೋ?"

"ಹಿಡಿದಿದ್ದೆ ಅತ್ತಿ. ಬ್ರೇಕ್ ಡ್ರಮ್ಮನ್ನ ಹಿಡೀಲಿಲ್ಲ. ಒಳಗ ಒಂದು ಪಟ್ಟಿ ಇರ್ತದ, ಡ್ರಮ್ಮನ್ನ ತಬ್ಬಿ ಹಿಡೀತದ. ಅದು ಸವದು ಮೊಳಿ ಹೊರಗ ಬಂದಾವ. ಕಬ್ಬಿಣಕ್ಕ ಕಬ್ಬಿಣ ಹತ್ತಿದ್ರ ಜಾರ್ತದ."

"ಮೇಸ್ತ್ರಿಗಿ ಹೇಳಿದ್ದೇನು?"

"ಹೇಳಿದ್ದೆ. ಹಬ್ಬ ಮುಗೀಲಿ ಅಂದ. ಯಾವ ಹಬ್ಬ ಅಂತ ಹೇಳಲಿಲ್ಲ."

"ಜಾಲರಿ ಇದ್ದಿದ್ರ?"

"ಸೀರಿ ಒಳಗ ಹೋಗ್ತಿದ್ದಿಲ್ಲ. ಮಾಮನ ಕೈನೂ ಹೋಗ್ತಿದ್ದಿಲ್ಲ."

"ಈಗ ಅದು ಎಲ್ಲಿ ಅದ?"

"ಶೆಡ್ಡಿನ ಹಿಂದ. ಮೇಸ್ತ್ರಿ ಅದರ ಮ್ಯಾಲ ಬೈಕ್ ತೊಳೀತಾನ."

ಅತ್ತೆ ಕಾಲಿನ ಒಣ ಕೆಸರನ್ನು ಉಗುರಿನಿಂದ ಕೆರೆದು ಉದುರಿಸಿದಳು. ಆಮೇಲೆ ಹೇಳಿದಳು: "ಶುಕ್ರವಾರ ಬರ್ತೀನಿ ಅಂತ ಮೇಸ್ತ್ರಿಗಿ ಹೇಳು."

ಅವಳು ಏನು ಮಾಡುತ್ತಾಳೆ ಎಂದು ನನಗೆ ತಿಳಿಯಲಿಲ್ಲ. ಉಡಿ ತುಂಬುತ್ತಾಳೆ ಎಂದೇ ಅಂದುಕೊಂಡೆ. ಒಂದು ಕೈಯ ಗಂಡ. ಗೇಟಿನ ಕೆಲಸ. ಅಡ್ಡ ಬಿದ್ದಿದ್ದರೆ ನಾನು ಅವಳನ್ನು ಬೈಯುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಳುಗಳನ್ನು ಸುರಂಗದೊಳಗೆ ನಡೆಸಿಕೊಂಡೇ ಇಳಿಸಿದರು. ಟಬ್ಬು ಎತ್ತಿ ಹಳಿಗೆ ನಿಲ್ಲಿಸಿ ತುಂಬಿಡಿ, ಶಾಂತಿ ಮುಗಿದ ಕೂಡಲೇ ಎಳೆಯುತ್ತೇವೆ ಎಂದಿದ್ದ ಗಣಿಯ ಮ್ಯಾನೇಜರ, ಮೇಸ್ತ್ರಿಯ ಸಾಹೇಬ. ಬ್ರೇಕನ್ನು ಯಾರೂ ಮುಟ್ಟಿರಲಿಲ್ಲ. ನೀರಮಾನ್ವಿಯಿಂದ ಹೊಸ ಸೀರೆ ಬಂದಿತ್ತು. ಅದೇ ಬೋಲ್ಟುಗಳಿಗೆ ಕಟ್ಟಿದ್ದರು. ಚೌಕಟ್ಟಿಗೆ ಹತ್ತಿ ಒಣಗಿದ್ದ ಮಾಮನ ರಕ್ತವನ್ನು ತೊಳೆದಿರಲಿಲ್ಲ. ಅದರ ಮೇಲೆ ಸಿಂಧೂರ ಬಳಿದಿದ್ದರು.

ಪೋತ್ನಾಳದಿಂದ ತಂದ ಕರಿ ಹೋತವನ್ನು ಶೆಡ್ಡಿನ ಮುಂದೆ ಕಟ್ಟಿದ್ದರು. ಪೂಜಾರಿ ಅದರ ಬೆನ್ನಿಗೆ ನೀರು ಹೊಯ್ದ. ಹೋತ ಮೈ ಜಾಡಿಸಿದರೆ ದೇವಿ ಒಪ್ಪಿದಳು ಎಂದರ್ಥ. ಆಮೇಲೆ ಕಡಿಯಬೇಕು. ಹೋತ ಜಾಡಿಸಲಿಲ್ಲ. ನೀರು ಸುರಿಸಿಕೊಂಡು ನಿಂತು ಬೇವಿನ ತೋರಣದ ಎಲೆ ತಿನ್ನತೊಡಗಿತು. ಮತ್ತೊಂದು ಚೊಂಬು ಹೊಯ್ದ. ಮ್ಯಾನೇಜರ ವಾಚು ನೋಡಿಕೊಂಡ.

ಅಷ್ಟರಲ್ಲಿ ಟಂಟಂ ಆಟೋ ಬಂದು ನಿಂತಿತು. ಶೇಖಮ್ಮತ್ತೆ ಒಬ್ಬಳೇ ಬಂದಿರಲಿಲ್ಲ. ಅವಳ ಜೊತೆ ನಾಟಿಗೆ ಹೋಗುವ ಹೆಂಗಸರೆಲ್ಲ ಇದ್ದರು. ಮುಂದೆ ದಾವಲ್ ಬೀ. ಗದ್ದೆಯ ಈ ಬದುವಿನಲ್ಲಿ ಮಾತಾಡಿದರೆ ಆ ಬದುವಿಗೆ ಕೇಳಿಸುವ ಹೆಂಗಸು.

"ಇಷ್ಟು ಮಂದಿ ಯಾಕ ಬಂದೀರಿ?" ಮೇಸ್ತ್ರಿ ಕೇಳಿದ.

"ಹೋತ ಕೊಯ್ತೀನಿ ಅಂದಿ. ಊಟಕ್ಕ ಕರದಿ ಅಂತ ತಿಳಕೊಂಡ್ವಿ," ಎಂದಳು ದಾವಲ್ ಬೀ.

ಅತ್ತೆಯ ಕೈಗೆ ಮೊರ ಕೊಟ್ಟರು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಕಣ, ಬಳೆ. ಹಾಜರಿ ಬರೆಯುವ ಗಡಿಗೆಪ್ಪ ಫೋನು ಎತ್ತಿ ಹಿಡಿದ. ಶೆಡ್ಡಿನ ಹೊಸ್ತಿಲಿಗೆ ರಂಗೋಲಿ ಹಾಕಿತ್ತು. ಅತ್ತೆ ಅದನ್ನು ದಾಟಲು ಹೋದಳು.

"ಅಲ್ಲೇ ನಿಂದ್ರವ್ವ," ಪೂಜಾರಿ ಕೈ ಅಡ್ಡ ಹಿಡಿದ. "ಅಲ್ಲಿಂದ ಅಡ್ಡ ಬೀಳು. ಉಡಿ ನಾ ಹಾಕ್ತೀನಿ."

"ನನ್ನ ಗಂಡ ಕೈ ಬಿಟ್ಟು ಬಂದಿದ್ದು ಒಳಗ. ಇಲ್ಲಿ ನಿಂತು ಏನು ಬೇಡ್ಲಿ?"

ದಾಟಿದಳು. ರಂಗೋಲಿ ಅವಳ ಪಾದಕ್ಕೆ ಹತ್ತಿತು. ಮೊರವನ್ನು ನೆಲಕ್ಕಿಟ್ಟಳು. ವಿಂಚಿನ ಮುಂದೆ ನಿಂತಳು. ಎಲ್ಲರೂ ಅವಳ ಬೆನ್ನು ನೋಡುತ್ತಿದ್ದೆವು. ಈಗ ಬಗ್ಗುತ್ತಾಳೆ ಎಂದುಕೊಂಡೆ.

ಅವಳು ಸೀರೆಯ ಗಂಟಿಗೆ ಕೈ ಹಾಕಿದಳು. ಮೊದಲ ಬೋಲ್ಟು. ಎರಡನೆಯದು.

"ಏ, ಸೀರಿ ಬಿಚ್ಚಬ್ಯಾಡ," ಮೇಸ್ತ್ರಿ ಮುಂದೆ ನುಗ್ಗಿದ. "ತಾಯಿ ಮಾನಕ್ಕ ಕೈ ಹಾಕ್ತೀಯೇನಬೇ?"

"ಇದರ ಹಿಂದ ಇರೋದು ತಾಯಿ ಮಾನ ಅಲ್ಲ ಮೇಸ್ತ್ರಿ. ನಿಂದು."

ಸೀರೆ ಕಳಚಿ ಬಂತು. ಹಿಂದೆ ಬರಿ ಡ್ರಮ್ಮು. ಗ್ರೀಸು, ಮುಳ್ಳೆದ್ದ ಹಗ್ಗ, ಸಿಂಧೂರದ ಕೆಳಗೆ ಕಪ್ಪಗೆ ಒಣಗಿದ ರಕ್ತ. ಖಾಲಿ ಬೋಲ್ಟುಗಳು. ಅತ್ತೆ ಸೀರೆಯನ್ನು ನೆಲಕ್ಕೆ ಬಿಸಾಡಲಿಲ್ಲ. ಧೂಳು ಕೊಡವಿದಳು. ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಮೇಸ್ತ್ರಿಯ ಕೈಗೆ ಕೊಟ್ಟಳು.

"ನೀರಮಾನ್ವಿಗಿ ಒಯ್ದು ಕೊಡು. ಯಲ್ಲಮ್ಮಗ ಅಲ್ಲಿ ಗುಡಿ ಅದ. ನಿನ್ನ ಜಾಲರಿ ಕೆಲಸಕ್ಕ ಆಕಿ ಬಂದಿಲ್ಲ."

ಹೊರಗೆ ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದಾಯಿತು. ದಾವಲ್ ಬೀ ಮತ್ತು ಹೆಂಗಸರು ಶೆಡ್ಡಿನ ಹಿಂದಿನಿಂದ ಜಾಲರಿ ಎಳೆದು ತರುತ್ತಿದ್ದರು. ಅದಕ್ಕೆ ಸೋಪಿನ ನೊರೆಯ ಬಿಳಿ ಕಲೆ ಕಟ್ಟಿತ್ತು. ಹೊತ್ತು ತಂದು ಹೊಸ್ತಿಲಿಗೆ ಒರಗಿಸಿದರು.

"ಏನು ನಡೆಯುತ್ತಿದೆ ಇಲ್ಲಿ?" ಮ್ಯಾನೇಜರ ಗಡಿಗೆಪ್ಪನ ಕಡೆ ತಿರುಗಿದ. "ರೀ, ಬಂದ್ ಮಾಡ್ರಿ ಅದನ್ನ."

"ಮೊದಲಿನಿಂದ ಕೊನಿತನಕ ಹಿಡಿ ಅಂತ ನೀವ ಹೇಳೀರಿ ಸರ," ಎಂದ ಗಡಿಗೆಪ್ಪ. ಕೈ ಇಳಿಸಲಿಲ್ಲ.

ಹೊರಗೆ ಹೋತ ಮೈ ಜಾಡಿಸಿತು. ನೀರು ಎಲ್ಲರ ಮೇಲೆ ಸಿಡಿಯಿತು.

"ಒಪ್ಪಿದ್ಳು, ತಾಯಿ ಒಪ್ಪಿದ್ಳು," ಎಂದ ಮೇಸ್ತ್ರಿ. ಸೀರೆ ಇನ್ನೂ ಅವನ ಎದೆಗೆ ಒತ್ತಿತ್ತು. "ನೋಡ್ರಿ ಸರ, ಜಾಡಿಸ್ತು."

"ಮೈ ತೊಯ್ದ್ರ ನೀನೂ ಜಾಡಿಸ್ತಿ," ಎಂದಳು ದಾವಲ್ ಬೀ.

ಯಾರೋ ನಕ್ಕರು. ಆ ನಗು ಮ್ಯಾನೇಜರನಿಗೆ ತಾಗಿತು. ಅವನು ನನ್ನ ಕಡೆ ಬೆರಳು ಮಾಡಿದ.

"ಅಮರೇಶ, ಮೋಟರ್ ಹಾಕು. ಕೆಳಗೆ ಟಬ್ಬು ತುಂಬಿ ನಿಂತಿದೆ."

"ಹಾಕಂಗಿಲ್ಲ ಸರ."

"ಯಾಕೆ?"

"ಬ್ರೇಕಿನ ಪಟ್ಟಿ ಸವದದ. ಜಾಲರಿ ಇಲ್ಲ. ಹಗ್ಗದ ಎಳಿ ಮುರದಾವ. ಆ ದಿನ ಬ್ರೇಕ್ ಹಿಡಿದಿದ್ರ ಮಾಮನ ಕೈ ಇರ್ತಿತ್ತು. ಇವತ್ತೂ ಹಿಡಿಯಂಗಿಲ್ಲ. ಕೆಳಗ ಮಂದಿ ಅದಾರ."

ಇದನ್ನು ಫೋನಿನ ಕಡೆ ಮುಖ ಮಾಡಿ ಹೇಳಿದೆ. ಒಂದೊಂದೇ ಮಾತು, ನಿಧಾನವಾಗಿ.

"ಬ್ರೇಕು ಸರಿಯಾಗಿದೆ," ಎಂದ ಮ್ಯಾನೇಜರ. "ನಾಳೆಯಿಂದ ನೀನು ಬರಬೇಡ. ತಿರುಪತಿ, ನೀನು ಹಾಕಯ್ಯ."

ಮೇಸ್ತ್ರಿ ಸೀರೆಯನ್ನು ಕಂಕುಳಲ್ಲಿ ಇರುಕಿಕೊಂಡು ಸ್ವಿಚ್ಚಿನ ಹತ್ತಿರ ಬಂದ. ಹಿಡಿಕೆಯ ಮೇಲೆ ಕೈ ಇಟ್ಟ.

ಶೇಖಮ್ಮತ್ತೆ ಬಳೆ ಮೇಲಕ್ಕೆ ಸರಿಸಿದಳು. ಬಲಗೈಯನ್ನು ಡ್ರಮ್ಮಿಗೂ ಚೌಕಟ್ಟಿಗೂ ನಡುವೆ ಇಟ್ಟಳು. ಮೊಣಕೈಯವರೆಗೆ. ಮಾಮನ ಕೈ ಹೋದ ಜಾಗ ಅದೇ. ಅವಳಿಗೆ ಯಾರೂ ತೋರಿಸಿರಲಿಲ್ಲ. ರಕ್ತ ತೋರಿಸಿತ್ತು.

"ಹಾಕು ಮೇಸ್ತ್ರಿ," ಎಂದಳು. ದನಿ ಏರಿರಲಿಲ್ಲ. "ಬ್ರೇಕ್ ಸರಿ ಅದ ಅಂತಾರಲ್ಲ ಸಾಹೇಬ್ರು. ಹಾಕು, ನಿಲ್ಲಸು. ನನ್ನ ಕೈ ಉಳೀತಂದ್ರ ನನ್ನ ಗಂಡಂದ ತಪ್ಪು ಅಂತ ನಾನ ಅಡ್ಡ ಬೀಳ್ತೀನಿ. ಫೋನಿನಾಗ ಹಿಡಕೊ."

ಬೇಡ ಅತ್ತಿ ಎನ್ನಲು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮೇಸ್ತ್ರಿಯನ್ನು ನೋಡುತ್ತಿದ್ದಳು. ಹೋತ ಎಲೆ ಅಗಿಯುವ ಸದ್ದು ಕೇಳುತ್ತಿತ್ತು.

ಮೇಸ್ತ್ರಿ ಮ್ಯಾನೇಜರನನ್ನು ನೋಡಿದ. ಮ್ಯಾನೇಜರ ಎತ್ತಲೋ ನೋಡಿದ.

"ಹಾಕಲೇ. ಯಾಕ ನಿಂತಿ?" ಎಂದಳು ಅತ್ತೆ.

ಮೇಸ್ತ್ರಿ ಕೈ ತೆಗೆದ.

ಅಷ್ಟು ಸಾಕಿತ್ತು. ಬ್ರೇಕಿನ ಬಗ್ಗೆ ನಾನು ಎಷ್ಟು ಸಲ ಹೇಳಿದರೂ ಒಪ್ಪದವನು ತನ್ನ ಕೈ ತೆಗೆದು ಒಪ್ಪಿದ್ದ. ಗಡಿಗೆಪ್ಪನ ಫೋನು ಅದನ್ನೂ ಹಿಡಿಯಿತು.

ಅತ್ತೆ ಕೈ ಹೊರಗೆ ತೆಗೆದಳು. ಗ್ರೀಸು, ಸಿಂಧೂರ ಎರಡೂ ಹತ್ತಿದ್ದವು. ಒರೆಸಿಕೊಳ್ಳಲಿಲ್ಲ. ನಾನು ಹೋಗಿ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದು ಕರೆಂಟು ತೆಗೆದು, ಅದರ ಮುಂದೆ ನಿಂತೆ.

"ಕೆಳಗಿನವ್ರಿಗೆ ಹೆಂಗ ಹೇಳ್ತಾರ?" ಅತ್ತೆ ಕೇಳಿದಳು. "ನಿಲ್ಲಸು ಅನ್ನಾಕ?"

ನಾನು ಗಂಟೆಯ ತಂತಿ ತೋರಿಸಿದೆ. "ಒಂದು ಸಲ ಹೊಡಿ ಅತ್ತಿ."

ಅವಳು ಅದೇ ಕೈಯಿಂದ ತಂತಿ ಹಿಡಿದಳು. ನೆಲದಿಂದ ಸಸಿಮಡಿಯ ಕಟ್ಟು ಕಿತ್ತ ಹಾಗೆ ಒಮ್ಮೆ ಜಗ್ಗಿದಳು. ಶೆಡ್ಡಿನ ತಗಡು ನಡುಗುವಂತೆ ಗಂಟೆ ಬಡಿಯಿತು. ಒಂದೇ ಸಲ.

ಅಭ್ಯಾಸದಂತೆ ಮೇಸ್ತ್ರಿ ಸುರಂಗದ ಬಾಯಿಯ ಕಡೆ ತಿರುಗಿದ. ಯಾವನಲೇ ಎಂದು ಕೂಗಲು ಬಾಯಿ ತೆರೆದ. ಹೊಡೆದವಳು ಎದುರಿಗೇ ನಿಂತಿದ್ದಳು. ಬಾಯಿ ಮುಚ್ಚಿದ.

ಕೆಳಗಿನಿಂದ ಏನೂ ಕೇಳಲಿಲ್ಲ. ಕತ್ತಲು ಹಾಗೇ ಇತ್ತು. ಅಲ್ಲಿ ನಿಂತವರಿಗೂ ಗೊತ್ತು, ಒಂದು ಗಂಟೆ ಹೊಡೆದವನ ಹೆಸರು ಕೇಳುತ್ತಾರೆ ಎಂದು.

ಆಮೇಲೆ ಮೊದಲ ಅಂತಸ್ತಿನಿಂದ ಉತ್ತರ ಬಂತು. ಒಂದು ಗಂಟೆ. ಅದರ ಕೆಳಗಿನಿಂದ ಮತ್ತೊಂದು. ತಳದಿಂದ, ಬಹಳ ದೂರದಿಂದ, ಸಣ್ಣಗೆ, ಇನ್ನೊಂದು.